ಶೆಟ್ಟರ ಆಟ, ನಮ್ಮ ನಾಟಕ

ಹಣ ಎತ್ತುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇಡೀ ಮಲಾಡಿನಲ್ಲೇ ಇಲ್ಲ ಎಂಬ ನಂಬಿಕೆ ನನಗೆ ಬಹಳ ಕಾಲ ಇತ್ತು. ಗಣಪತಿಯ ವರ್ಗಣಿ ಇರಲಿ, ಬಿಲ್ಡಿಂಗಿನ ನೀರಿನ ಪಂಪಿನ ವರ್ಗಣಿ ಇರಲಿ, ನಾನೇ ಮುಂದೆ. ಆದ್ದರಿಂದ, ಅಲ್ಲಿಯ ಒಂದು ಮುನ್ಸಿಪಲ್ ಕನ್ನಡ ಶಾಲೆಯ ಮಕ್ಕಳಿಗೆ ಹಳೆಯ ಸಂಸ್ಕೃತ ನಾಟಕವೊಂದನ್ನು ಕನ್ನಡದಲ್ಲಿ ಆಡಿ ತೋರಿಸಬೇಕೆಂದು ನಮ್ಮ ಹವ್ಯಾಸಿ ತಂಡ ತೀರ್ಮಾನಿಸಿದಾಗ, ಹಣದ ಹೊಣೆಯನ್ನು ನಾನೇ ಹೊತ್ತೆ. ರಾಜನ ಕಿರೀಟವನ್ನೂ ಹೊತ್ತೆ. ಕಾಡಿನಲ್ಲಿ ಒಬ್ಬಳನ್ನು ಮದುವೆಯಾಗಿ, ಶಾಪದಿಂದ ಅವಳನ್ನು ಮರೆತು, ತುಂಬಿದ ಸಭೆಯಲ್ಲಿ "ನೀನು ಯಾರು?" ಎಂದು ಕೇಳುವ ರಾಜ ಅವನು. ಆ ನತದೃಷ್ಟೆಯ ಪಾತ್ರ ನನ್ನ ಹೆಂಡತಿ ಸುಶೀಲೆಯದು.

"ನನಗ ತಾಲೀಮು ಬ್ಯಾಡ ಬಿಡ್ರಿ," ಎಂದಳು ಅವಳು. "ಮನ್ಯಾಗೂ ನೀವು ನನ್ನ ಗುರುತು ಹಿಡಿಯೂದು ಊಟದ ಹೊತ್ತಿಗಷ್ಟ!"

ನಮ್ಮ ಅವಸರಕ್ಕೆ ಕಾರಣವಿತ್ತು. ಆ ಮಕ್ಕಳು ವಿಜಾಪುರ, ಗುಲಬರ್ಗಾ ಕಡೆಯಿಂದ ಬಂದ ಕಟ್ಟಡ ಕೂಲಿಗಳ ಮಕ್ಕಳು. ತಂದೆತಾಯಿ ಕಟ್ಟುತ್ತಿರುವ ಬಿಲ್ಡಿಂಗ್ ಮುಗಿದರೆ ಇವರ ಶಾಲೆಯೂ ಮುಗಿಯಿತು. "ಸ್ಲ್ಯಾಬ್ ಮುಗದಾವ್ರಿ, ಪ್ಲಾಸ್ಟರ್ ನಡದೈತಿ," ಎಂದಿದ್ದರು ಅಲ್ಲಿಯ ಬಸಪ್ಪ ಮಾಸ್ತರರು. "ಈ ಹುಡುಗರು ಹುಟ್ಟಿದಾಗಿಂದ ಒಂದು ನಾಟಕ ನೋಡಿಲ್ಲ. ತೋರಸೂದಿದ್ರ ಈಗ ತೋರಸ್ರಿ."

ನಾನು ಮಧ್ಯಾಹ್ನ ಊಟ ಮಾಡುತ್ತಿದ್ದ ಫೋರ್ಟಿನ ಹೋಟೆಲಿನ ಮಾಲೀಕರು ಉಡುಪಿ ಕಡೆಯ ಶೆಟ್ಟರು. ಒಂದು ದಿನ ಕೈ ತೊಳೆದವನೇ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ನಮ್ಮ ಧಾರವಾಡದ ಮಾತಿನಲ್ಲಿ ವಿನಂತಿಸಿಕೊಂಡೆ.

"ಸಾಲಿ ಹುಡುಗರ ಮುಂದ ಒಂದು ಆಟ ಆಡಸಬೇಕಂತ ಮಾಡೇವ್ರಿ."

ಚಿಲ್ಲರೆ ಎಣಿಸುತ್ತಿದ್ದ ಶೆಟ್ಟರು ತಲೆಯೆತ್ತಿದರು. "ಆಟವಾ? ಆಟ ಆಡಿಸುದಾ? ಯಾವ ಪ್ರಸಂಗ?"

ಪ್ರಸಂಗವೆಂದರೆ ನಮ್ಮಲ್ಲಿ ಸಂದರ್ಭ. "ಪ್ರಸಂಗ ಏನಿಲ್ರಿ, ಸುಮ್ನ ಮಕ್ಕಳು ನೋಡ್ಲಿ ಅಂತ."

"ಕಿರೀಟ ಎಲ್ಲ ಉಂಟಲ್ಲ?"

"ಇಲ್ದ ಏನ್ರಿ! ರಾಜ ನಾನ!"

ಶೆಟ್ಟರು ಕಣ್ಣೊರೆಸಿಕೊಂಡರು. "ಮಗಳಿಗೆ ಟೈಫಾಯಿಡ್ ಆದಾಗ ಒಂದು ಆಟ ಆಡಿಸ್ತೇನೆ ಅಂತ ದೇವರಿಗೆ ಹೇಳಿಕೊಂಡಿದ್ದೆ ಮಾರಾಯ್ರೆ. ಊರಿಗೆ ಹೋಗ್ಲಿಕ್ಕೇ ಆಗ್ಲಿಲ್ಲ. ಮಂಟಪ, ಮೈಕು, ವೇಷ ಎಲ್ಲ ನನ್ನ ಲೆಕ್ಕ!"

ನನ್ನ ವಾಕ್ಚಾತುರ್ಯಕ್ಕೆ ನಾನೇ ತಲೆದೂಗುತ್ತ ಲೋಕಲ್ ರೈಲು ಹತ್ತಿದೆ.

ನಾಟಕದ ದಿನ ಶೆಟ್ಟರು ರೇಷ್ಮೆ ಲಂಗದ ಮಗಳ ಕೈ ಹಿಡಿದು, ತೆಂಗಿನಕಾಯಿ ಹಣ್ಣು ಹೂವಿನ ಹರಿವಾಣದೊಡನೆ ನೇರ ಬಣ್ಣದ ಕೋಣೆಗೇ ಬಂದರು. ಅರ್ಧ ಮೀಸೆ ಅಂಟಿಸಿಕೊಂಡಿದ್ದ ನನ್ನನ್ನು ನೋಡಿ ಸುತ್ತ ಕಣ್ಣಾಡಿಸಿದರು.

"ಚೆಂಡೆ ಎಲ್ಲಿ? ಭಾಗವತರು ಎಲ್ಲಿ?"

ಆಗ ನನಗೆ ಜ್ಞಾನೋದಯವಾಯಿತು. ನಮ್ಮಲ್ಲಿ ಆಡುವುದೆಲ್ಲ ಆಟ. ಅವರ ಕಡೆ ಆಟವೆಂದರೆ ಯಕ್ಷಗಾನ, ಅದೂ ಹರಕೆಯ ಆಟ! ನಿಜ ಹೇಳಿ ಕೈಮುಗಿಯಲು ಅದೊಂದು ಸುವರ್ಣಾವಕಾಶವಾಗಿತ್ತು.

"ಬರ್ಲಿಕ್ಕತ್ತಾರ್ರಿ," ಎಂದೆ.

ಬರಲೇಬೇಕಲ್ಲ! ಸ್ಟೇಷನ್ ಬಳಿಯ ಮದುವೆ ಬ್ಯಾಂಡಿನಿಂದ ತಾಷೆ ಬಡಿಯುವವರನ್ನು ಎಳೆತಂದೆ. ಚೆಂಡೆಯೂ ಚರ್ಮದ್ದೇ, ತಾಷೆಯೂ ಚರ್ಮದ್ದೇ ಎಂಬುದು ನನ್ನ ತರ್ಕ. ರಾಜ ಬಾಯಿ ತೆರೆದಾಗಲೆಲ್ಲ ಬಾರಿಸಿ ಎಂದು ಅಪ್ಪಣೆ ಮಾಡಿದೆ. ಅವರಿಗೆ ಬರುತ್ತಿದ್ದುದು ಮದುವೆ ಮೆರವಣಿಗೆಯ ಬಡಿತವೊಂದೇ. ಬೇಟೆಗೆ ಹೊರಟ ರಾಜ ಬೀಗರ ಮುಂದೆ ಕುಣಿಯುವ ಸೋದರಮಾವನಂತೆ ಕುಣಿದ. ಕಿರೀಟ ಉರುಳಿ ಮುಂದಿನ ಸಾಲಿನ ಮಕ್ಕಳ ಮಡಿಲಿಗೆ ಬಿತ್ತು. ಶೆಟ್ಟರು ಮಾತ್ರ ನಗಲಿಲ್ಲ.

ಆದರೂ ಸಭೆಯ ದೃಶ್ಯ ಬಂದಾಗ ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಸುಶೀಲೆ ಅಷ್ಟು ಚೆನ್ನಾಗಿ ಅಳುತ್ತಾಳೆಂದು ಅದುವರೆಗೆ ನನಗೂ ಗೊತ್ತಿರಲಿಲ್ಲ. "ನೀನು ಯಾರು?" ಎಂದೆ.

ಎದುರಿಗೆ ಕೂತ ಒಬ್ಬ ಹುಡುಗಿ ಎದ್ದು ನಿಂತು ಕೂಗಿದಳು. "ಅಯ್ಯ, ನಿನ್ನ ಹೇಂತಿ ಅದಾಳಲ್ಲೋ!"

ಅದಕ್ಕೇ ಸರಿಯಾಗಿ ತಾಷೆಯ ಪೆಟ್ಟು ಬಿತ್ತು. ಶೆಟ್ಟರು ಎದ್ದೇಬಿಟ್ಟರು.

"ನಿಲ್ಲಿಸಿ ಮಾರಾಯ್ರೆ! ನಾನು ದೇವರಿಗೆ ಹೇಳಿದ್ದು ಆಟ. ಇದನ್ನು ಆಟ ಅಂತ ದೇವರ ಹತ್ರ ಹೇಗೆ ಹೇಳ್ಲಿ?" ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಮಗಳ ಹಣೆ ಮುಟ್ಟಿ ನೋಡಿ, ಅವಳನ್ನು ಎತ್ತಿಕೊಂಡು ಹೊರಟುಹೋದರು.

ಮರುಕ್ಷಣವೇ ಮಂಟಪದವನು ವೇದಿಕೆ ಹತ್ತಿದ. "ಆತಾ ಪೈಸೆ ಕೋಣ ದೇಣಾರ್?" ಈಗ ಹಣ ಕೊಡುವವರು ಯಾರು ಎಂದು ಅವನ ಪ್ರಶ್ನೆ; ಮರಾಠಿಯಲ್ಲಿ ಕೋಣ ಎಂದರೆ ಯಾರು. ಊರಿನಿಂದ ಹೊಸದಾಗಿ ಬಂದ ಮಕ್ಕಳಿಗೆ ಕೇಳಿಸಿದ್ದು ಕನ್ನಡದ ಕೋಣ. ಬಿದ್ದು ಬಿದ್ದು ನಕ್ಕರು! ಎರಡು ಭಾಷೆಯಲ್ಲೂ ಉತ್ತರ ನಾನೇ ಆಗಿದ್ದೆ. ನನ್ನ ಜೇಬು ನೋಡಿದವನೇ ಅವನು ಪರದೆ ಬಿಚ್ಚತೊಡಗಿದ. ನಾಟಕ ಅಲ್ಲಿಗೇ ನಿಂತಿತು.

ಮಕ್ಕಳಿಗೆ ಕೈಯೆತ್ತಿ ಭಾಷಣ ಬಿಗಿದೆ. "ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ಉಳದದ್ದು ಭರ್ಜರಿಯಾಗಿ ಆಡಿ ತೋರಸ್ತೀನಿ!"

ಹಾಗೆಂದು ಮತ್ತೆ ಹಣಕ್ಕೆ ಹೊರಟೆ. ಶೆಟ್ಟರ ಹೋಟೆಲಿನ ಮುಂದೆ ಹಾಯುವ ಧೈರ್ಯವಾಗದೆ ರಸ್ತೆ ಬದಲಿಸಿ ಫೋರ್ಟಿನ ಬೇರೆ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದೆ. ಕೊನೆಗೊಬ್ಬರು ಒಪ್ಪಿದರು. ಖುಷಿಯಿಂದ ಸುಶೀಲೆಯನ್ನೂ ಕರೆದುಕೊಂಡು ಶಾಲೆಗೆ ಓಡಿದೆ.

ತರಗತಿ ಖಾಲಿಯಿತ್ತು. ಬಸಪ್ಪ ಮಾಸ್ತರರು ಒಬ್ಬರೇ ಕೂತಿದ್ದರು.

"ಬಿಲ್ಡಿಂಗ್ ಮುಗೀತ್ರಿ. ಎಲ್ಲಾರೂ ಲಾರಿ ಹತ್ತಿ ಬೊರಿವಲಿ ಆಚೆ ಎಲ್ಲೋ ಹ್ವಾದ್ರು. ಆ ಹುಡುಗಿ ಲಾರಿ ಮ್ಯಾಲಿಂದನೂ ಕೇಳಿದ್ಳು, 'ಸರ್, ರಾಜಾಗ ಹೇಂತಿ ನೆಪ್ಪಾದಳೇನ್ರಿ?' ಅಂತ."

"ನೀವು ಏನಂದ್ರಿ?"

"ನಾ ಏನೂ ಹೇಳಲಿಲ್ರಿ. ನೀವು ಆಡಿ ತೋರಸ್ತೀನಿ ಅಂದಿದ್ರಿ, ಅದಕ್ಕ."

ಹಿಂದಿರುಗುವಾಗ ಸುಶೀಲೆ ಸ್ಟೇಷನ್ ಮುಂದೆ ನನ್ನನ್ನು ತಡೆದು ನಿಲ್ಲಿಸಿದಳು. ನೇರವಾಗಿ ಕೇಳಿದಳು.

"ಅವತ್ತ ಅಲ್ಲೇ ನಿಂತು, 'ಹೌದವಾ, ನೆಪ್ಪಾತು' ಅನ್ಲಿಕ್ಕೆ ರೊಕ್ಕ ಬೇಕಾಗಿತ್ತೇನ್ರಿ?"

ಬೇಕಾಗಿರಲಿಲ್ಲ. ಬಾಯಿ ಸಾಕಾಗಿತ್ತು. ಇಡೀ ಮಲಾಡಿನಲ್ಲಿ ಮುಚ್ಚದ ಬಾಯಿ ಎಂದು ಹೆಸರಾಗಿದ್ದು ನನ್ನದೇ!