ನಮಸ್ಕಾರ ಕಲಿತ ಹ್ಯಾಂಡಲ್

"ಇನ್ನ ನಿನ್ನ ಕೈ ನೋಯಂಗಿಲ್ಲ!" ಎಂದು ಚನಮಲ್ಲಪ್ಪ ಸೈಕಲ್ಲಿನ ಗಂಟೆ ಬಾರಿಸಿ ಸಾರಿದರು. ರೇಡಿಯೊ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಅವರು ಮನೆಯ ಯಾವ ಸಾಮಾನನ್ನೂ ನೆಮ್ಮದಿಯಿಂದ ಇರಗೊಟ್ಟಿರಲಿಲ್ಲ. ಈಗ ಹೆಂಡತಿ ನೀಲಮ್ಮ ಟೀಚರ ಸೈಕಲ್ಲಿಗೆ ಬುದ್ಧಿಯುಳ್ಳ ಹ್ಯಾಂಡಲ್ ಕೂರಿಸಿದ್ದರು. ಕೈ ಹಿಡಿಕೆ ಬಿಟ್ಟರೆ ಸಾಕು, ನೋವಾಯಿತೆಂದು ತಿಳಿದು ಅದು ತಾನೇ ಏರಿಳಿದು ಬೇರೆ ಆಕಾರ ತಾಳುತ್ತಿತ್ತು.

ನೀಲಮ್ಮ ಟೀಚರಿಗೆ ನಗು ಬರಲಿಲ್ಲ. ನಿಡಗುಂದಿಯ ಅಕ್ಕನ ಮನೆಗೆ ಸೈಕಲ್ ಮೇಲೆಯೇ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಪ್ರತಿ ಸಲವೂ ಮನಗೂಳಿ ಬರುವಷ್ಟರಲ್ಲಿ ಬೆರಳು ಜೋಮು ಹಿಡಿದು ವಿಜಯಪುರಕ್ಕೆ ವಾಪಸಾಗಿದ್ದರು. ನೇರ ಹ್ಯಾಂಡಲ್, ಬಾಗಿದ ಹ್ಯಾಂಡಲ್, ಟಗರಿನ ಕೊಂಬಿನಂಥ ಹ್ಯಾಂಡಲ್, ಎಲ್ಲ ನೋಡಿಯಾಗಿತ್ತು.

"ಇದೂ ಆಗಲಿಲ್ಲಂದ್ರ ಸೈಕಲ್ ಬಿಟ್ಟಬಿಡ್ತೀನಿ," ಎಂದರು.

ಓಣಿ ತಿರುಗುವ ಮೊದಲೇ ಕಿರಾಣಿ ಅಂಗಡಿಯವನು "ನಮಸ್ಕಾರ್ರೀ ಟೀಚರ್!" ಎಂದ. ಕೈ ಎತ್ತದೆ ಹೋದರೆ ಟೀಚರಿಗೆ ಸೊಕ್ಕು ಬಂದಿದೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ. ನೀಲಮ್ಮ ಕೈ ಎತ್ತಿದರು. ಹ್ಯಾಂಡಲ್ ಅಯ್ಯೋ ಪಾಪ ಎಂದುಕೊಂಡು ಗೇಣುದ್ದ ಮೇಲೇರಿತು! ಹಾಲಿನವನಿಗೆ ಕೈ ಎತ್ತಿದರೆ ಮೊಣಕಾಲಿಗೆ ಇಳಿಯಿತು! ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳ ದಂಡೇ ಸಿಕ್ಕಿತು. ಹ್ಯಾಂಡಲ್ ಗಾಬರಿಬಿದ್ದು ತಲೆಯ ಮೇಲಕ್ಕೆ ಹೋಯಿತು. ಟೀಚರ್ ಜೋತುಬಿದ್ದೇ ಪೆಡಲ್ ತುಳಿದರು.

"ಯಾರಿಗೂ ಕೈ ಎತ್ತಬ್ಯಾಡ!" ಹಿಂದೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಚನಮಲ್ಲಪ್ಪ ಕೂಗಿದರು.

"ಗ್ವಾಡಿ ಮುಂದ ನಿಂತು ಪರೀಕ್ಷಾ ಮಾಡೀರಿ. ಗ್ವಾಡಿ ನಮಸ್ಕಾರ ಅಂತೈತೇನು?" ಎಂದು ನೀಲಮ್ಮ ತಿರುಗಿ ಕೂಗಿದರು.

ಊರು ದಾಟಿದ ಮೇಲೆ ಗುರುತಿನವರು ಇರಲಿಲ್ಲ. ನೀಲಮ್ಮ ಗಂಡ ಹೇಳಿದಂತೆ ಕೈ ಎತ್ತದೆ ಹಿಡಿಕೆಯನ್ನು ಬಿಗಿಹಿಡಿದು ಹೊರಟರು. ಮನಗೂಳಿ ಹತ್ತಿರ ಮತ್ತೆ ಅದೇ ಜೋಮು. ಮುಗಿಯಿತು ಎಂದು ದುಃಖವಾಯಿತು. ಆಗ ನೆನಪಾಯಿತು: ಊರೊಳಗೆ ಅಷ್ಟು ಫಜೀತಿಯಾದರೂ ಕೈ ನೋಯಲೇ ಇಲ್ಲವಲ್ಲ! ಎಷ್ಟೇ ಒಳ್ಳೆಯ ಜಾಗವಾದರೂ ಅಲ್ಲೇ ಕಟ್ಟಿಹಾಕಿದರೆ ಕೈಗೂ ಬೇಸರವಾಗುತ್ತದೆ. ತಾನು ಇಷ್ಟು ವರ್ಷ ಒಂದೇ ಒಂದು ಸರಿಯಾದ ಹಿಡಿತ ಹುಡುಕಿದ್ದೇ ತಪ್ಪಾಗಿತ್ತೇನೋ.

ಅವರು ಎದುರಿಗೆ ಬಂದ ಎಮ್ಮೆಗೆ ಕೈ ಎತ್ತಿದರು. ಮೈಲಿಗಲ್ಲಿಗೆ ಎತ್ತಿದರು. ಜೋಳದ ಹೊಲಕ್ಕೂ ಎತ್ತಿದರು. ಪ್ರತಿ ಸಲ ಹ್ಯಾಂಡಲ್ ಬದಲಾಯಿತು, ಬೆರಳಿಗೆ ಜೀವ ಬಂತು.

"ತಲಿ ಕೆಟ್ಟತೇನ ನಿಂದು?" ಹಿಂದಿನಿಂದ ಚನಮಲ್ಲಪ್ಪ ಕೂಗಿದರು.

"ಕೈ ಚೊಲೋ ಆಗೇತ್ರಿ!"

ನಿಡಗುಂದಿಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದರು. ನೀಲಮ್ಮನ ಕಣ್ಣು ತುಂಬಿತು. ಅವರು ಇಳಿದು ಕೈ ಜೋಡಿಸುವ ಮೊದಲೇ ಹ್ಯಾಂಡಲ್ಲಿನ ಎರಡೂ ತುದಿಗಳು ಎದ್ದು, ಒಂದಕ್ಕೊಂದು ಕೂಡಿ, ಅಕ್ಕನಿಗೆ ಬಾಗಿದವು! ದಾರಿಯುದ್ದಕ್ಕೂ ನೋಡಿ ಕಲಿತುಬಿಟ್ಟಿತ್ತು.

"ಇದಕ ಇಷ್ಟು ಮರ್ಯಾದಿ ಯಾರು ಕಲಿಸಿದ್ರವ್ವಾ?" ಎಂದು ಅಕ್ಕ ಬೆರಗಾದರು.

ಚನಮಲ್ಲಪ್ಪ ಎದೆ ಉಬ್ಬಿಸಿ, "ನಾನ ಮಾಡಿದ್ದು!" ಎಂದರು.

ಅಕ್ಕ ಅವರನ್ನೊಮ್ಮೆ ನೋಡಿದರು. "ಹಂಗಾದ್ರ ನೀವೂ ಅದರ ಕಡಿಂದ ಸ್ವಲ್ಪ ಕಲೀರಿ. ನಮಸ್ಕಾರ ಇಲ್ಲ, ಏನಿಲ್ಲ, ಇನ್ನೂ ಮೊಪೆಡ್ ಮ್ಯಾಲ ಕುಂತೀರಿ."