ಊಟ ಆದ ಗ್ರಾಮ

೧೯೬೩ನೇ ಇಸವಿಯಲ್ಲಿ, ಜಡಿಮಳೆಯ ಆಟಿ ತಿಂಗಳಿನಲ್ಲಿ, ಸವಣೂರು ಸಮೀಪದ ಒಂದು ಗ್ರಾಮದಲ್ಲಿ ಹಸಿದವರು ಯಾರೂ ಇರಲಿಲ್ಲವೆಂದು ಪುತ್ತೂರಿನ ಪೌಷ್ಟಿಕ ಸಲಹಾ ಶಾಖೆಯ ಕಡತದಲ್ಲಿ ದಾಖಲಾಗಿದೆ. ಆಟಿಯಲ್ಲಿ ಕೆಲಸವೂ ಇಲ್ಲ, ಅಕ್ಕಿಯೂ ಇಲ್ಲ ಎಂಬುದು ಊರಿನ ಮಾತು. ಊರಿನ ಮಾತಿಗೆ ಮೊಹರು ಇರುವುದಿಲ್ಲ.

ಶಾಖೆಯ ಸುತ್ತೋಲೆ ಹೀಗಿತ್ತು: "ಸಲಹೆ ನೀಡುವ ಮುನ್ನ ಫಲಾನುಭವಿಯ ಮಾತನ್ನು ಸಹಾನುಭೂತಿಯಿಂದ ಆಲಿಸತಕ್ಕದ್ದು. ಸಹಾನುಭೂತಿಯ ಅವಧಿ ಮನೆಯೊಂದಕ್ಕೆ ನಾಲ್ಕು ನಿಮಿಷ. ಸದರಿ ಅವಧಿಯಲ್ಲಿ ಮೂರು ಸಲ ತಲೆಯಾಡಿಸತಕ್ಕದ್ದು. ಮೊದಲ ಪ್ರಶ್ನೆ: ಊಟ ಆಯಿತೇ?"

ನಮ್ಮ ಸೀಮೆಯಲ್ಲಿ ಊಟ ಆಯ್ತಾ ಎಂದು ಕೇಳಿದರೆ ಆಯ್ತು ಎನ್ನಬೇಕು. ಅದು ಉತ್ತರವಲ್ಲ, ಮರ್ಯಾದೆ. ಶಾಖಾಧಿಕಾರಿ ಜತ್ತಪ್ಪನವರೂ ಇಲ್ಲಿಯವರೇ, ಅವರಿಗೂ ಇದು ಗೊತ್ತಿತ್ತು. ಕಚೇರಿಯ ವೇಳೆಯಲ್ಲಿ ಮಾತ್ರ ಗೊತ್ತಿರಲಿಲ್ಲ. ನೂರಹನ್ನೆರಡು ಮನೆಗಳಿಂದ ನೂರಹನ್ನೊಂದು "ಆಯ್ತು" ಬಂದವು.

ಉಳಿದದ್ದು ಬೀಡಿ ಕಟ್ಟುವ ದುಗ್ಗಮ್ಮನ ಮನೆ. ಅಲ್ಲಿ ಗ್ರಾಮಸೇವಿಕೆ ಕಮಲಾವತಿ ಏನನ್ನೂ ಕೇಳಲಿಲ್ಲ. ಜಗಲಿಯಲ್ಲಿ ಕೂತು ಒಂದು ಗಂಟೆ ಬೀಡಿ ಎಲೆ ಕತ್ತರಿಸಿಕೊಟ್ಟಳು. ಒಳಗೆ ಒಲೆಯಲ್ಲಿ ಬೆಕ್ಕು ಮಲಗಿತ್ತು. ಕೊನೆಗೆ ದುಗ್ಗಮ್ಮ ಎಲೆಯಿಂದ ಕಣ್ಣೆತ್ತದೆ ಹೇಳಿದಳು:

"ನಿನ್ನೆಯಿಂದ ಒಲೆ ಹೊತ್ತಿಸಿದ್ದಿಲ್ಲ ಮಗಾ. ಸೊಸೆಗೆ ಹಾಲು ಬತ್ತಿ ಹೋಗಿದೆ. ಶಿಶುವಿಗೆ ಇಪ್ಪತ್ತು ದಿನ. ಯಾರಿಗೂ ಹೇಳುದು ಬೇಡ."

ಕಮಲಾವತಿ ಈ ಮನೆಗೆ ಹಾಲಿನ ಪುಡಿ ಕೂಡಲೇ ಬೇಕೆಂದು ಬರೆದಳು. ಐವತ್ತಾರು ನಿಮಿಷಗಳ ಅನಧಿಕೃತ ಸಹಾನುಭೂತಿಗೆ ಅವಳಿಂದ ಸಮಜಾಯಿಷಿ ಕೇಳಲಾಯಿತು. ಅವಳು ಬೆಕ್ಕಿನ ವಿಷಯ ಹೇಳಿದಳು.

"ನಮೂನೆಯಲ್ಲಿ ಬೆಕ್ಕಿಗೆ ಕಾಲಂ ಎಲ್ಲುಂಟು?" ಎಂದರು ಜತ್ತಪ್ಪನವರು. ನ್ಯಾಯವಾದ ಪ್ರಶ್ನೆ.

ಆದರೂ ಅವರು ಖುದ್ದಾಗಿ ತಪಾಸಣೆಗೆ ಬಂದರು. ಊಟ ಆಯಿತೇ ಎಂದು ಕೇಳಿದರು. ಆಯ್ತು ಸ್ವಾಮಿ, ಎಂದಳು ದುಗ್ಗಮ್ಮ. ಅವರು ಮೂರು ಸಲ ತಲೆಯಾಡಿಸಿದರು. ಮರ್ಯಾದೆಗೆ ಅವಳೂ ತಿರುಗಿ ಕೇಳಿದಳು: "ನಿಮ್ಮದು?"

"ಇಲ್ಲ," ಎಂದರು ಜತ್ತಪ್ಪನವರು. ಆ ಪ್ರಶ್ನೆಗೆ ಆ ಗ್ರಾಮದಲ್ಲಿ ಸಿಕ್ಕಿದ ಮೊದಲ ಪ್ರಾಮಾಣಿಕ ಉತ್ತರ ಅದು.

ದುಗ್ಗಮ್ಮ ಹಿತ್ತಿಲಿನಿಂದ ಹೋಗಿ ಪಕ್ಕದ ಮನೆಯ ಸಾರಮ್ಮನಲ್ಲಿ ಅಕ್ಕಿ ಕೇಳಿ ತಂದಳು. ಬೆಕ್ಕನ್ನು ಎಬ್ಬಿಸಿ ಒಲೆ ಹೊತ್ತಿಸಿದಳು. ಜತ್ತಪ್ಪನವರು ಎರಡು ಬಟ್ಟಲು ಗಂಜಿ ಉಂಡರು. ಮೂರನೆಯದು ಪಾತ್ರೆಯಲ್ಲಿ ಇರಲಿಲ್ಲ. ಬಾಗಿಲ ಹಿಂದೆ ಬಾಣಂತಿ ಸೊಸೆ ನಿಂತಿದ್ದಳು.

ವರದಿ ಸ್ಪಷ್ಟವಾಗಿತ್ತು: "ಸದರಿ ಮನೆಯಲ್ಲಿ ಅತಿಥಿಗೆ ಬಡಿಸುವಷ್ಟು ಹೆಚ್ಚುವರಿ ಆಹಾರವಿದ್ದು, ಸಾಕುಪ್ರಾಣಿಯೂ ಇರುತ್ತದೆ. ಹಾಲಿನ ಪುಡಿ ಅನಗತ್ಯ." ಬೇಡಿಕೆಯಿಲ್ಲದ ಪುಡಿ ಕೆಡಬಾರದೆಂದು ಶಾಖೆಯ ಚಹಾಕ್ಕೆ ಬಳಸಲಾಯಿತು. ಸಿಬ್ಬಂದಿಯ ಆರೋಗ್ಯದಲ್ಲಿ ಗಮನಾರ್ಹ ಸುಧಾರಣೆ ಕಂಡುಬಂತು.

ಮುಂದಿನ ವಾರ ಶಾಲೆಯಲ್ಲಿ ಸಭೆ ನಡೆದು, ಊರಿಗೆ "ಊಟ ಆದ ಗ್ರಾಮ" ಎಂಬ ಪ್ರಶಸ್ತಿಪತ್ರ ಕೊಡಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ದುಗ್ಗಮ್ಮನೂ ತಟ್ಟಿದಳು. ಸೊಸೆಯ ಮಡಿಲಿನ ಶಿಶು ಭಾಷಣ ಮುಗಿಯುವವರೆಗೆ ಒಮ್ಮೆಯೂ ಅಳಲಿಲ್ಲ. ಅದರ ಶಿಸ್ತನ್ನು ಜತ್ತಪ್ಪನವರು ವೇದಿಕೆಯಿಂದಲೇ ಮೆಚ್ಚಿಕೊಂಡರು.

ಸಭೆ ಮುಗಿದ ಮೇಲೆ ಕಮಲಾವತಿ ಹೊಸ ನಮೂನೆ ಹಿಡಿದು ಬಂದಳು.

"ದುಗ್ಗಮ್ಮಕ್ಕ, ಊಟ ಆಯ್ತಾ?"

"ಆಯ್ತು ಮಗಾ."

ಕಮಲಾವತಿ ಮೂರು ಸಲ ತಲೆಯಾಡಿಸಿ, ಬರೆದುಕೊಂಡಳು.