ಒಂಟೆ ಎಲುಬಿನ ಹಿಡಿಕೆ

ನಾನು ದೇವರನ್ನು ಬಹಳ ಪೀಡಿಸಿದವಳಲ್ಲ. ನಲ್ಲಿಯಲ್ಲಿ ನೀರು ಬಂದ ದಿನ, ರೊಟ್ಟಿ ಹರಿಯದೆ ಉಬ್ಬಿದ ದಿನ, ಮೊಣಕಾಲು ನೋಯದೆ ಮೆಟ್ಟಿಲು ಹತ್ತಿದ ದಿನ, ‘ಇಷ್ಟು ಕೊಟ್ಟೆಯಲ್ಲ, ಸಾಕು ತಂದೆ’ ಎಂದು ಕೈಮುಗಿದು ಸುಮ್ಮನಾಗುವ ಪೈಕಿ. ಅಂಥ ನಾನು ಕಳೆದ ಮಹಾನವಮಿಯಲ್ಲಿ ಕೊಪ್ಪಳದ ಸಾಣೆ ಅಂಗಡಿಯೊಂದರ ಮುಂದೆ ಕಣ್ಣು ಮುಚ್ಚಿ ನಿಂತು, ‘ನನ್ನ ಗಂಡ ಮೋಸ ಹೋಗಿರಲಿ ಶಿವನೇ’ ಎಂದು ಬೇಡಿಕೊಂಡೆ. ಪತಿವ್ರತೆಯರ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕುವ ಮೊದಲು ಕಾರಣವನ್ನಾದರೂ ಕೇಳಬೇಕು.

ಕಾರಣ, ಒಂದು ಬೇಟೆ ಚೂರಿ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ತತ್ತಿ ಒಡೆದ ಸದ್ದನ್ನು ಕೂಡ ನಮ್ಮ ಗೋಡೆಗಳು ಕೇಳಿಲ್ಲ. ನಮ್ಮ ಮನೆಯವರು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಕಡತ ಕಟ್ಟಿ ಕಟ್ಟಿ ನಿವೃತ್ತರಾದವರು. ಬೇಟೆ ಎಂದು ಅವರು ಆಡಿದ್ದು ತಿಗಣೆಯದು, ಅದೂ ಔಷಧಿ ಹೊಡೆದು. ಜಿರಳೆ ಕಂಡರೆ ಇಂದಿಗೂ ಮಂಚ ಹತ್ತಿ ನನ್ನನ್ನು ಕೂಗುತ್ತಾರೆ. ಇಂಥವರು, ಯಾರೋ ಗಡ್ಡದವರು ಕಾಡಿನಲ್ಲಿ ಕುಳಿತು ಕಟ್ಟಿಗೆ ಕೆತ್ತುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ, ಗಂಡಸಾದವನಿಗೆ ಒಂದು ಚೂರಿ ಇರಲೇಬೇಕು ಎಂಬ ತೀರ್ಮಾನಕ್ಕೆ ಬಂದರು.

“ಮನ್ಯಾಗ ಈಳಿಗಿ ಐತಲ್ರಿ” ಎಂದೆ. “ಈಳಿಗಿ ಹೆಂಗಸರದು” ಎಂದರು. ಆ ಹೆಂಗಸರ ಈಳಿಗೆಯಲ್ಲಿ ಹೆಚ್ಚಿದ ಬದನೆಕಾಯಿಯನ್ನೇ ಆ ಹೊತ್ತಿನಲ್ಲಿ ಈ ಗಂಡಸು ರೊಟ್ಟಿಯೊಂದಿಗೆ ಚಪ್ಪರಿಸುತ್ತಿದ್ದರು.

ಆರಿಸಲು ಒಂದೂವರೆ ತಿಂಗಳು ಹಿಡಿಯಿತು. ಮಗಳಿಗೆ ಮರಳಿ ಎಂಬ ಊರಿನ ವರನನ್ನು ಒಪ್ಪಲು ಇವರಿಗೆ ಅರ್ಧ ತಾಸು ಸಾಕಾಗಿತ್ತು. ಮಡಚುವ ಚೂರಿ ಬೇಡವಂತೆ. ಮಡಚುವ ಜಾಗದಲ್ಲೇ ಬಲ ಸೋರಿಹೋಗುತ್ತದಂತೆ. ಅಲಗು ಹಿಡಿಕೆಯ ಒಳಗೂ ಹಾಯ್ದು ತುದಿಯ ತನಕ ಒಂದೇ ತುಂಡಾಗಿರಬೇಕಂತೆ. ಉದ್ದ ಅಂಗೈಯಷ್ಟಿದ್ದರೆ ಸಾಕು, ಹೆಚ್ಚು ಬಯಸುವವನು ಅಜ್ಞಾನಿಯಂತೆ. ತುಕ್ಕು ಹಿಡಿಯದ ಉಕ್ಕಿಗಿಂತ ತುಕ್ಕು ಹಿಡಿಯುವ ಉಕ್ಕೇ ಶ್ರೇಷ್ಠವಂತೆ. ಚೂರಿ ಬಂದ ಮೇಲೆ ದಿನವೂ ಅದನ್ನು ಒರೆಯಿಂದ ತೆಗೆಯುವುದು, ನನ್ನ ತಲೆಗೆ ಇಟ್ಟಿದ್ದ ಕೊಬ್ಬರಿ ಎಣ್ಣೆ ಸವರುವುದು, ಬೆಳಕಿಗೆ ಹಿಡಿದು ನಿಟ್ಟುಸಿರು ಬಿಡುವುದು, ಮತ್ತೆ ಒರೆಗೆ ಸೇರಿಸುವುದು. ಇಷ್ಟಾಗಿ ಅದು ಕೊಯ್ದದ್ದೇನು? ಹಾಲಿನ ಪಾಕೀಟು. ಅದೂ ಒಂದು ಸಲ, ಅರ್ಧ ಹಾಲು ನೆಲಕ್ಕೆ.

ಮಹಾನವಮಿಗೆ ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ಹಿಂದಿನ ದಿನ ನಾನು ಈಳಿಗೆ, ಕುಡುಗೋಲು ತೊಳೆದು ದೇವರ ಜಗಲಿಯ ಮೇಲೆ ಇಡುತ್ತಿದ್ದೆ. ಇವರು ಚೂರಿಯನ್ನು ತಂದು ನಟ್ಟನಡುವೆ ಇಟ್ಟು, ಉದ್ದಿನಬೇಳೆ ಕೇಳಲು ಬಂದಿದ್ದ ಪಕ್ಕದ ಮನೆಯ ನೀಲಮ್ಮನಿಗೆ ವಿವರಿಸತೊಡಗಿದರು. “ಹಿಡಿಕಿ ನೋಡ್ರಿ ನೀಲಮ್ಮಾರ, ಅಸಲಿ ಒಂಟಿ ಎಲುಬು!”

ನೀಲಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಅರಿವೆಯಲ್ಲಿ ಹಿಡಿದು ಚೂರಿಯನ್ನು ಕೆಳಗಿಳಿಸಿದೆ. “ಎಲುಬು? ದೇವರ ಜಗಲಿ ಮ್ಯಾಲ?”

“ತೊಳದೀನಲ್ಲ!”

“ಎಲುಬು ತೊಳದ್ರ ಬದನಿಕಾಯಿ ಆಗತೈತೇನ್ರಿ?”

“ಚೂರಿ ಇಡಲಿಲ್ಲಂದ್ರ ನಾನೂ ಪೂಜಿಗೆ ಕೂಡೂದಿಲ್ಲ” ಎಂದು ಇವರು ಹೊದ್ದು ಮಲಗಿಯೇಬಿಟ್ಟರು. ಎಲುಬಿಟ್ಟರೆ ಜಗಲಿ ಮೈಲಿಗೆ, ಇಡದಿದ್ದರೆ ಯಜಮಾನನಿಲ್ಲದ ಪೂಜೆ. ವರ್ಷದ ಹಬ್ಬ ಒಂದು ಹಿಡಿಕೆಗೆ ಸಿಕ್ಕಿಕೊಂಡಿತು. ಹಾಗಾಗಿ ಎಲುಬು ಅಸಲಿಯೋ ಅಲ್ಲವೋ ತಿಳಿಯಲು ಚೂರಿಯನ್ನು ಚೀಲದಲ್ಲಿ ಹಾಕಿಕೊಂಡು ಸಾಣೆ ಹಿಡಿಯುವ ಖಾಜಾಸಾಬರ ಅಂಗಡಿಗೆ ಹೋದೆ.

ಅವರು ಅದನ್ನು ತಿರುವಿ ನೋಡಿ, ಉಗುರಿನಿಂದ ಮೀಟಿ, ತಲೆದೂಗಿದರು. “ಅಲಗು ಭಾಳ ಛಲೋ ಐತ್ರಿ ಅಕ್ಕಾರ. ಬೆನ್ನು ದಪ್ಪ, ಬಾಯಿ ತೆಳು. ತೂಕ ಮುಷ್ಟಿಯೊಳಗ ನಿಂತೈತಿ, ದಿನಾ ಕೆಲಸ ಮಾಡಿದ್ರೂ ಕೈ ದಣಿಯೂದಿಲ್ಲ.”

ಈ ಹೊಗಳಿಕೆ ಯಾರಿಗೆ ಬೇಕಾಗಿತ್ತು? “ಹಿಡಿಕಿ ನೋಡ್ರಿ” ಎಂದೆ.

“ಸೂಜಿ ಕಾಸಿ ಮುಟ್ಟಿಸಿದ್ರ ತಿಳೀತೈತ್ರಿ. ಕೂದಲಾ ಸುಟ್ಟ ವಾಸನಿ ಬಂದ್ರ ಎಲುಬು. ಕರಗಿದ್ರ ಪ್ಲಾಸ್ಟಿಕ್.”

ಸೂಜಿ ಕೆಂಪಾಗುವಷ್ಟರಲ್ಲಿ ನಾನು ಆ ಪ್ರಾರ್ಥನೆ ಮಾಡಿದ್ದು. ಮುಟ್ಟಿಸಿದರು. ಹಿಡಿಕೆ ಕರಗಿ, ಕಸದ ಗುಡ್ಡೆಗೆ ಬೆಂಕಿ ಇಟ್ಟಾಗ ಬರುವ ನಾತ ಮೂಗಿಗೆ ಬಡಿಯಿತು. ಯಾವ ಊದಿನಕಡ್ಡಿಯೂ ನನಗೆ ಅಷ್ಟು ಹಿತವಾಗಿ ಕಂಡಿಲ್ಲ.

“ನಿಮ್ಮ ಮನಿಯವರಿಗೆ ಯಾರೋ ಟೋಪಿ ಹಾಕ್ಯಾರ್ರಿ” ಎಂದು ಖಾಜಾಸಾಬರು ಮರುಗಿದರು.

“ದೇವರು ದೊಡ್ಡಾಂವ್ರಿ” ಎಂದೆ.

ಮನೆಗೆ ಬಂದು ಸುದ್ದಿ ಹೇಳಿದರೆ ಇವರು ಹೊದಿಕೆ ಕಿತ್ತೆಸೆದು ಎದ್ದರು. “ಅವನಿಗೇನ್ ತಿಳೀತೈತಿ? ಅದು ಅಸಲಿ ಎಲುಬು!”

“ಎಲುಬಾದ್ರ ಹಿತ್ತಲದಾಗ. ಪ್ಲಾಸ್ಟಿಕ್ ಆದ್ರ ಜಗಲಿ ಮ್ಯಾಲ. ನಿಮ್ಮ ಬಾಯಿಲೇ ಹೇಳ್ರಿ.”

ಕಚೇರಿಯಲ್ಲಿ ಯಾವ ಕಡತದ ಮುಂದೆಯೂ ಅವರು ಅಷ್ಟು ಹೊತ್ತು ಯೋಚಿಸಿರಲಿಕ್ಕಿಲ್ಲ. ಕೊನೆಗೆ ಗೋಡೆಗೆ ಹೇಳಿದರು, “ಪ್ಲಾಸ್ಟಿಕ್ ಅಂತನ ತಿಳ್ಕೊ.”

“ಜೋರಾಗಿ. ನೀಲಮ್ಮಗ ಕೇಳಬೇಕು.”

“ಪ್ಲಾಸ್ಟಿಕ್!” ಎಂದು ಕಿಟಕಿಯತ್ತ ಕೂಗಿದರು.

ಮರುದಿನ ಬೆಳಿಗ್ಗೆ ಅಲಗಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಗೆದ್ದವಳ ಗತ್ತಿನಲ್ಲಿ ಪೂಜೆಗೆ ನಿಂತೆ. ಇವರು ಮಡಿಯುಟ್ಟು ಕುಳಿತು ಜಗಲಿಯನ್ನೇ ನೋಡುತ್ತಿದ್ದರು.

“ಏ, ಚೂರಿ ನಿನ್ನ ಚೆಂಡು ಹೂವಿನ ಸರಕ್ಕ ತಾಗಾಕತ್ತೈತಿ.”

ಸರ ಗಂಗಾವತಿಯ ಸಂತೆಯಲ್ಲಿ ಕೊಂಡದ್ದು. ಬಾಡುವುದಿಲ್ಲ, ಸೋಪು ಹಚ್ಚಿ ತೊಳೆದರೆ ಪ್ರತಿ ಹಬ್ಬಕ್ಕೂ ಹೊಸದು. ಸರಿಸಲು ಕೈ ಚಾಚಿದೆ.

“ಇರಲಿ ಬಿಡು” ಎಂದರು ಇವರು, ಬಹಳ ಶಾಂತವಾಗಿ. “ಎರಡೂ ಒಂದ ಬಳಗದವು.”

ಮಂಗಳಾರತಿಗೆ ಇನ್ನೂ ಹೊತ್ತಿತ್ತು. ಆದರೂ ನಾನು ಗಂಟೆ ಎತ್ತಿಕೊಂಡು ಜೋರಾಗಿ ಬಾರಿಸತೊಡಗಿದೆ.